ನೆಲ ನಿಜಕ್ಕೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕೆಂದಳು ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಕಲಿಕೆಯಲ್ಲಿ ಸೋತವರ ಬಾಯಿ ಮುಚ್ಚಿಸಲು ಇದಕ್ಕಿಂತ ಹರಿತವಾದ ಮಾತು ನಮ್ಮಲ್ಲಿ ಇನ್ನೊಂದಿರಲಾರದು. ಆದರೆ ಈ ಗಾದೆಯನ್ನು ಆಡುವವರು ಒಮ್ಮೆಯಾದರೂ ಬಗ್ಗಿ ನೆಲವನ್ನು ನೋಡಿದ್ದುಂಟೇ? ನೆಲ ನಿಜಕ್ಕೂ ಡೊಂಕಾಗಿರುವ ಸಂದರ್ಭಗಳಿವೆ. ಕುಣಿಯುವ ಮುನ್ನವೇ ಆ ಡೊಂಕನ್ನು ಅಳೆಯುವ ವಿದ್ಯೆಯೂ ಇದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಪಿಯಾನೋ ಕಲಿಯುತ್ತಿರುವ ನಮ್ಮ ಮಕ್ಕಳಿಗೂ ನಮ್ಮಲ್ಲಿ ಕೆಲವರಿಗೂ ಆ ವಿದ್ಯೆಯನ್ನು ಕಲಿಸುತ್ತಿಲ್ಲ. ಅದರ ಬದಲಿಗೆ ಒಂದು ಅಂಕಿಯನ್ನು ಕೈಗಿಡಲಾಗುತ್ತಿದೆ ಎಂಬುದೇ ಈ ಬರಹದ ತಕರಾರು.

ಸಾಹಿತ್ಯದ ಅಂಗಳದಲ್ಲಿ ಪಿಯಾನೋದ ಮಾತೇಕೆ ಎಂದು ಕೆಲವರು ಹುಬ್ಬೇರಿಸಬಹುದು. ನಮ್ಮ ಬಳಗದ ಮನೆಗಳನ್ನು ಹೊಕ್ಕು ನೋಡಿದರೆ ಉತ್ತರ ಸಿಗುತ್ತದೆ. ಒಂದು ತಲೆಮಾರಿನ ಹಿಂದೆ ಹಾರ್ಮೋನಿಯಂ ಇದ್ದ ಮೂಲೆಯಲ್ಲಿ ಈಗ ಡಿಜಿಟಲ್ ಪಿಯಾನೋ ಕೂತಿದೆ. ‘ಜೂನಿಯರ್ ಆಯಿತೇ, ಸೀನಿಯರ್ ಯಾವಾಗ?’ ಎಂದೋ, ಮುಂಬಯಿ ಪುಣೆಗಳಲ್ಲಾದರೆ ‘ಪ್ರವೇಶಿಕಾ ಆಯಿತೇ, ವಿಶಾರದಕ್ಕೆ ಕಟ್ಟಿದ್ದಾಳೆಯೇ?’ ಎಂದೋ ವಿಚಾರಿಸುತ್ತಿದ್ದ ಹಿರಿಯರು ಈಗ ‘ಯಾವ ಗ್ರೇಡ್?’ ಎಂದು ಕೇಳುತ್ತಾರೆ. ಈ ವಾದ್ಯ ನಮಗೆ ತೀರ ಪರಕೀಯವೆಂದು ಹೇಳುವುದೂ ಸರಿಯಲ್ಲ. ಮೈಸೂರಿನ ಜಯಚಾಮರಾಜ ಒಡೆಯರ್ ಅವರು ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದಂತೆಯೇ ಪಿಯಾನೋವನ್ನೂ ಗಂಭೀರವಾಗಿ ಅಭ್ಯಾಸ ಮಾಡಿದವರು. ಲಂಡನ್ನಿನಲ್ಲಿ ಮರೆತುಹೋಗುವಂತಿದ್ದ ರಷ್ಯನ್ ಸಂಗೀತಕಾರ ನಿಕೊಲಾಯ್ ಮೆಟ್ನರ್ ತನ್ನ ರಚನೆಗಳನ್ನು ತಾನೇ ನುಡಿಸಿ ಧ್ವನಿಮುದ್ರಿಸಲು ಹಣ ಒದಗಿಸಿದವರು ಅವರು. ಮೆಟ್ನರನ ಮೂರನೆಯ ಪಿಯಾನೋ ಕನ್ಚರ್ಟೊ ಅವರಿಗೇ ಅರ್ಪಿತವಾಗಿದೆ. ಆದ್ದರಿಂದ ಈ ಮಾತು ನಮ್ಮ ಮನೆಯ ಮಾತೂ ಹೌದು.

ತಕರಾರು ಹುಟ್ಟಿದ್ದು ಹೀಗೆ. ನಮ್ಮ ಬಳಗದ ಹಿರಿಯ ಸದಸ್ಯೆಯೊಬ್ಬರು, ನಾವೆಲ್ಲ ಅಕ್ಕ ಎಂದೇ ಕರೆಯುವವರು, ಬ್ಯಾಂಕಿನ ಕೆಲಸದಿಂದ ನಿವೃತ್ತರಾದ ಮೇಲೆ ಪಿಯಾನೋ ಕಲಿಯತೊಡಗಿದರು. ಎರಡು ವರ್ಷ ಶ್ರದ್ಧೆಯಿಂದ ಕಲಿತರು. ಅವರಿಗೊಂದು ಆಸೆಯಿತ್ತು: ಬೀಥೋವನ್ನನ ‘ಮೂನ್‌ಲೈಟ್’ ಸೊನಾಟಾದ ಮೊದಲ ಭಾಗವನ್ನು ನುಡಿಸಬೇಕು. ಕಲಿಸುವವರು ಹೇಳಿದರು, ‘ನಿಧಾನದ ರಚನೆ, ಒಂದೇ ವಿನ್ಯಾಸ ಕೊನೆಯವರೆಗೂ ಬರುತ್ತದೆ, ಏನೂ ಕಷ್ಟವಿಲ್ಲ.’ ನಾವೂ ತಲೆಯಾಡಿಸಿದೆವು. ಏಳು ತಿಂಗಳ ನಂತರ ಅಕ್ಕ ವಾದ್ಯದ ಮೇಲೆ ಬಟ್ಟೆ ಹೊದಿಸಿದರು. ‘ನನಗೆ ವಯಸ್ಸಾಯಿತು, ಬೆರಳು ಕೇಳುವುದಿಲ್ಲ’ ಎಂದರು. ಆಗಲೂ ನಾವು ತಲೆಯಾಡಿಸಿದೆವು. ನಮ್ಮ ಆ ಎರಡನೆಯ ತಲೆಯಾಡಿಕೆಯ ಬಗ್ಗೆ ಇಂದಿಗೂ ನಾಚಿಕೆಯಿದೆ. ಬಹಳ ದಿನಗಳ ಮೇಲೆ ಬಳಗದ ಇನ್ನೊಬ್ಬರು ಅವರ ಕೈಯನ್ನು ಕೀಗಳ ಮೇಲಿರಿಸಿ ನೋಡಿದರು. ಅಕ್ಕನ ಕೈ ಒಂದು ಆಕ್ಟೇವನ್ನು ಕಷ್ಟದಲ್ಲಿ ಮುಟ್ಟುತ್ತದೆ. ಆ ರಚನೆಯ ಬಲಗೈಯಲ್ಲಾದರೋ ಆಕ್ಟೇವಿನಾಚೆಯ ಒಂಬತ್ತನೆಯ ಸ್ವರಕ್ಕೆ ಚಾಚಬೇಕಾದ ಸ್ಥಳಗಳಿವೆ. ಅಡ್ಡಿಯಾದದ್ದು ವಯಸ್ಸಲ್ಲ, ಸೆಂಟಿಮೀಟರು. ಅದನ್ನು ಮೊದಲ ದಿನವೇ ಅಳೆಯಬಹುದಿತ್ತು.

ದೂರದ ಬೆಟ್ಟ ನುಣ್ಣಗೆ ಎನ್ನುತ್ತೇವೆ. ಅಕ್ಕನಿಗೆ ತೋರಿಸಿದ್ದು ಅಂಥದೊಂದು ನುಣ್ಣನೆಯ ಬೆಟ್ಟ. ಆ ಮೊದಲ ಭಾಗವನ್ನು ಹತ್ತಿರದಿಂದ ನೋಡಿದರೆ ಕಾಣುವುದೇ ಬೇರೆ. ನಿಮಿಷಕ್ಕೆ 60 ತಾಳವೆಂದು ಹಿಡಿದರೆ ಸೆಕೆಂಡಿಗೆ ಮೂರೇ ಸ್ವರ. ಈ ಲೆಕ್ಕದಲ್ಲಿ ಎಳೆಯ ಮಗುವೂ ನುಡಿಸಬೇಕು. ಆದರೆ ಬಲಗೈಯ ಹೆಬ್ಬೆರಳು ಮತ್ತು ನಡುವಿನ ಬೆರಳುಗಳು ಆ ಮೂರು ಮೂರರ ಅಲೆಯನ್ನು ಪಿಸುದನಿಯಲ್ಲಿ ಎಬ್ಬಿಸುತ್ತಿರುವಾಗ, ಅದೇ ಕೈಯ ಕಿರುಬೆರಳು ಮೇಲೆ ಒಂದು ರಾಗದೆಳೆಯನ್ನು ಸ್ಪಷ್ಟವಾಗಿ ಹಾಡಬೇಕು. ಐದು ಬೆರಳುಗಳಲ್ಲಿ ಅತ್ಯಂತ ದುರ್ಬಲವಾದದ್ದೇ ಗಾಯಕ. ಬಲಿಷ್ಠವಾದ ಹೆಬ್ಬೆರಳು ಹಿಂದೆ ಸರಿದು ನಿಲ್ಲಬೇಕು. ಸಾಲದ್ದಕ್ಕೆ, ಇಡೀ ಭಾಗವನ್ನು ತಂತಿಗಳ ಮೇಲಿನ ಅದುಮುಗಳನ್ನು ಎತ್ತಿಯೇ ನುಡಿಸಬೇಕೆಂದು ಬೀಥೋವನ್ ಸೂಚಿಸಿದ್ದಾನೆ. ಅವನ ಕಾಲದ ಪಿಯಾನೋಗಳ ನಾದ ಬೇಗ ಆರುತ್ತಿತ್ತು. ಇಂದಿನ ವಾದ್ಯದಲ್ಲಿ ನಾದ ಬಹಳ ಹೊತ್ತು ನಿಲ್ಲುವುದರಿಂದ ಆ ಸೂಚನೆಯನ್ನು ಅಕ್ಷರಶಃ ಪಾಲಿಸಿದರೆ ಸ್ವರಗಳು ಕಲಸಿಹೋಗುತ್ತವೆ. ಎಲ್ಲಿ ಎಷ್ಟು ಪೆಡಲ್ ಬದಲಿಸಬೇಕೆಂಬುದನ್ನು ನುಡಿಸುವವರ ಕಿವಿಯೇ ನಿರ್ಧರಿಸಬೇಕು. ಈ ಮೂರರಲ್ಲಿ ಯಾವ ಕಷ್ಟವೂ ಮೊದಲ ನೋಟಕ್ಕೆ ಕಾಣುವಂಥದಲ್ಲ.

ಹಾಗಾದರೆ ಕಷ್ಟವನ್ನು ಮುಂಚಿತವಾಗಿ ತಿಳಿಯುವುದು ಹೇಗೆ? ಚಲಾವಣೆಯಲ್ಲಿರುವ ಉತ್ತರಗಳು ಮೂರು. ಮೂರನ್ನೂ ನಾವು ಒಪ್ಪುವುದಿಲ್ಲ.

ಮೊದಲನೆಯ ಉತ್ತರ ಗ್ರೇಡ್. ಲಂಡನ್ನಿನ ಎರಡು ಪ್ರಸಿದ್ಧ ಸಂಸ್ಥೆಗಳಾದ ಎ.ಬಿ.ಆರ್.ಎಸ್.ಎಂ. ಮತ್ತು ಟ್ರಿನಿಟಿ ಕಾಲೇಜು ನಡೆಸುವ ಪರೀಕ್ಷೆಗಳು ಭಾರತದ ದೊಡ್ಡ ಊರುಗಳಲ್ಲೆಲ್ಲ ನಡೆಯುತ್ತವೆ. ಅವುಗಳಲ್ಲಿ ಮೊದಲನೆಯದು 1889ರಿಂದಲೂ ಇದೆ. ಒಂದರಿಂದ ಎಂಟರವರೆಗಿನ ಮೆಟ್ಟಿಲುಗಳ ಬಗ್ಗೆ ನಮಗೆ ಅಗೌರವವಿಲ್ಲ. ನಮ್ಮ ಆಕ್ಷೇಪ ಆ ಅಂಕಿಯ ದುರ್ಬಳಕೆಯ ಬಗ್ಗೆ. ಗ್ರೇಡ್ ಎಂಬುದು ಅಭ್ಯರ್ಥಿಯೊಬ್ಬರು ಒಂದು ಹಂತದಲ್ಲಿ ಸ್ವರಶ್ರೇಣಿ, ನೋಡಿ ನುಡಿಸುವಿಕೆ, ಕಿವಿಯ ಪರೀಕ್ಷೆ ಇವೆಲ್ಲವನ್ನೂ ಸೇರಿಸಿ ಎಷ್ಟು ಬಲ್ಲರು ಎಂಬುದನ್ನು ಅಳೆಯಲು ಹುಟ್ಟಿದ ಮಾನ. ಅದನ್ನು ಕಿತ್ತು ತಂದು ಒಂದೊಂದು ರಚನೆಯ ಹಣೆಗೆ ಅಂಟಿಸಿ, ‘ಇದು ಐದು, ಇದು ಆರು’ ಎಂದು ತೂಕದ ಬಟ್ಟಿನಂತೆ ಬಳಸುವುದು ನಾವು ಮಾಡಿಕೊಂಡ ಎಡವಟ್ಟು. ಎ.ಬಿ.ಆರ್.ಎಸ್.ಎಂ. ತಾನೇ ಪ್ರತಿ ಗ್ರೇಡಿನ ರಚನೆಗಳನ್ನು ಮೂರು ಪಟ್ಟಿಗಳಾಗಿ ಹಂಚುತ್ತದೆ: ಒಂದರಲ್ಲಿ ಬೆರಳಿನ ಚುರುಕು ಬೇಡುವಂಥವು, ಇನ್ನೊಂದರಲ್ಲಿ ಭಾವಪೂರ್ಣವಾಗಿ ಹಾಡಿಸಬೇಕಾದಂಥವು, ಮತ್ತೊಂದರಲ್ಲಿ ನಾನಾ ಶೈಲಿಗಳವು. ಎಂದರೆ, ಒಂದೇ ಅಂಕಿಯ ಕೆಳಗೆ ಮೂರು ಬಗೆಯ ಕಷ್ಟಗಳಿವೆಯೆಂದು ಪರೀಕ್ಷೆ ನಡೆಸುವವರೇ ಒಪ್ಪಿಕೊಂಡಿದ್ದಾರೆ. ಒಪ್ಪದವರು ನಾವು ಮಾತ್ರ. ಬೆರಳು ಚುರುಕಾದ ಹುಡುಗನಿಗೆ ಮೊದಲ ಪಟ್ಟಿಯದು ಒಂದು ವಾರದ ಕೆಲಸ. ಎರಡನೆಯ ಪಟ್ಟಿಯದು ಆರು ತಿಂಗಳಾದರೂ ಕೈಗೆ ಬಾರದೆ ಹೋಗಬಹುದು. ಅವನ ತಂಗಿಗೆ ಇದು ತಿರುವುಮುರುವು. ಇಬ್ಬರಿಗೂ ಮನೆಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಗ್ರೇಡ್ ನಾಲ್ಕರದೇ ಅಲ್ಲವೇ, ಇನ್ನೂ ಬರಲಿಲ್ಲವೇ?’

ಜರ್ಮನಿಯ ಹೆನ್ಲೆ ಪ್ರಕಾಶನದವರು ತಮ್ಮ ಆವೃತ್ತಿಗಳಿಗೆ ಒಂದರಿಂದ ಒಂಬತ್ತರವರೆಗೆ ಕಷ್ಟದ ಅಂಕಿ ಕೊಡುತ್ತಾರೆ. ಮೊದಲ ಮೂರು ಸುಲಭ, ನಡುವಿನ ಮೂರು ಮಧ್ಯಮ, ಕೊನೆಯ ಮೂರು ಕಠಿಣ. ಇದು ಪರೀಕ್ಷೆಗಾಗಿಯಲ್ಲದೆ ರಚನೆಗಾಗಿಯೇ ಕೊಟ್ಟ ಅಂಕಿಯಾದ್ದರಿಂದ ಒಂದು ಹೆಜ್ಜೆ ಮುಂದಿದೆ. ಆದರೂ ಅದು ಮೊತ್ತವೇ ಹೊರತು ವಿವರವಲ್ಲ. ಸಹ್ಯಾದ್ರಿಯ ಚಾರಣಿಗರನ್ನು ಕೇಳಿ. ಹರಿಶ್ಚಂದ್ರಗಡದ ಎತ್ತರ ಎಷ್ಟೆಂದು ತಿಳಿದುಕೊಂಡು ಯಾರೂ ಹೊರಡುವುದಿಲ್ಲ. ಪಾಚನಯಿಯ ಕಡೆಯಿಂದ ಹತ್ತುವಿರೋ, ನಳಿಚಿ ವಾಟ್‌ನಿಂದ ಹತ್ತುವಿರೋ ಎಂದು ಮೊದಲು ಕೇಳುತ್ತಾರೆ. ಬೆಟ್ಟ ಒಂದೇ, ಎತ್ತರವೂ ಒಂದೇ. ಒಂದು ದಾರಿಯಲ್ಲಿ ಅಜ್ಜಿಯರೂ ನಡೆದಾರು, ಇನ್ನೊಂದರಲ್ಲಿ ಹಗ್ಗ ಬೇಕು. ಬೆಟ್ಟದ ವಿಷಯದಲ್ಲಿ ಇರುವ ಈ ವಿವೇಕ ಪಿಯಾನೋದ ಮುಂದೆ ಕೂತಾಗ ಎಲ್ಲಿ ಹೋಗುತ್ತದೆ?

ಎರಡನೆಯ ಉತ್ತರ ಹಾಳೆಯ ಬಣ್ಣ. ಸ್ವರಲಿಪಿ ಕಪ್ಪಾಗಿ ಕಿಕ್ಕಿರಿದಿದ್ದರೆ ಕಷ್ಟ, ಬೆಳ್ಳಗೆ ವಿರಳವಾಗಿದ್ದರೆ ಸುಲಭ. ಶಾರ್ಪು ಫ್ಲ್ಯಾಟುಗಳು ಹೆಚ್ಚಿದ್ದರೆ ಕಷ್ಟ, ಇಲ್ಲದಿದ್ದರೆ ಸುಲಭ. ಇದು ಹಾಳೆಯನ್ನು ನೋಡಿ ಕೈಯನ್ನು ಮರೆಯುವ ಬಗೆ. ಶೋಪಾನ್ ತನ್ನ ಶಿಷ್ಯರಿಗೆ ಮೊದಲು ಕಲಿಸುತ್ತಿದ್ದ ಸ್ವರಶ್ರೇಣಿ ಬಿ ಮೇಜರ್. ಅದರಲ್ಲಿ ಐದು ಶಾರ್ಪುಗಳಿವೆ. ಏಕೆಂದರೆ ಉದ್ದನೆಯ ಬೆರಳುಗಳು ಎತ್ತರದ ಕರಿ ಕೀಗಳ ಮೇಲೂ ಗಿಡ್ಡ ಬೆರಳುಗಳು ಬಿಳಿ ಕೀಗಳ ಮೇಲೂ ಸಹಜವಾಗಿ ಕೂರುತ್ತವೆ. ಹಾಳೆಯ ಮೇಲೆ ಅತ್ಯಂತ ಸುಲಭವಾಗಿ ಕಾಣುವ, ಕರಿ ಕೀಯೇ ಇಲ್ಲದ ಸಿ ಮೇಜರನ್ನು ಆತ ಕೊನೆಗೆ ಇಡುತ್ತಿದ್ದ. ನಮಗೆ ಇದು ಹೊಸ ಮಾತೂ ಅಲ್ಲ. ಕರ್ನಾಟಕ ಸಂಗೀತದ ಮೊದಲ ಪಾಠ ಮಾಯಾಮಾಳವಗೌಳದಲ್ಲಿ. ಆ ಪದ್ಧತಿಯನ್ನು ಪುರಂದರದಾಸರು ಹಾಕಿಕೊಟ್ಟರೆಂಬುದು ಪರಂಪರೆಯ ನಂಬಿಕೆ. ಅದನ್ನು ಪಾಶ್ಚಾತ್ಯ ಲಿಪಿಯಲ್ಲಿ ಬರೆದರೆ ರಿಷಭಕ್ಕೂ ಧೈವತಕ್ಕೂ ಫ್ಲ್ಯಾಟು ಹಾಕಬೇಕು. ಕಾಗದದ ಲೆಕ್ಕದಲ್ಲಿ ಅದು ಶಂಕರಾಭರಣಕ್ಕಿಂತ ಕಷ್ಟ. ಆದರೆ ಪೂರ್ವಾಂಗ ಉತ್ತರಾಂಗಗಳು ಒಂದೇ ಅಳತೆಯ ಪಡಿಯಚ್ಚುಗಳಾದ ಕಾರಣ ಎಳೆಯ ಗಂಟಲಿಗೂ ಕಿವಿಗೂ ಅದು ಹಿಡಿಯುತ್ತದೆ. ಪರಂಪರೆ ಅಳೆದದ್ದು ಗಂಟಲನ್ನು, ಕಾಗದವನ್ನಲ್ಲ.

ಹಾಳೆಯ ಉದ್ದವೂ ಮೋಸವೇ. ಬಾಖನ ‘ವೆಲ್ ಟೆಂಪರ್ಡ್ ಕ್ಲೇವಿಯರ್’ 1722ರ ಸಂಪುಟದ ಮೊದಲ ಜೋಡಿಯನ್ನು ನೋಡಿ. ಸಿ ಮೇಜರ್ ಪ್ರೆಲ್ಯೂಡಿನಲ್ಲಿ 35 ಬಾರ್‌ಗಳು. ಒಂದೇ ವಿನ್ಯಾಸ, ಒಂದರ ಹಿಂದೊಂದು ಸ್ವರ, ಎರಡು ವರ್ಷ ಕಲಿತವರು ಧೈರ್ಯವಾಗಿ ಕೈ ಹಾಕಬಹುದು. ಅದರ ಬೆನ್ನಿಗೇ ಬರುವ ಫ್ಯೂಗಿನಲ್ಲಿ 27 ಬಾರ್‌ಗಳು ಮಾತ್ರ. ಆದರೆ ಅಲ್ಲಿ ನಾಲ್ಕು ದನಿಗಳು ಒಂದೇ ವಸ್ತುವನ್ನು ಒಂದರ ಮೇಲೊಂದು ಎತ್ತಿಕೊಳ್ಳುತ್ತವೆ. ಎರಡು ಕೈಗಳು ನಾಲ್ವರ ಮಾತನ್ನು ಯಾರದನ್ನೂ ಮುಚ್ಚಿಹಾಕದೆ ಆಡಿಸಬೇಕು. ಚಿಕ್ಕದು ದೊಡ್ಡದಕ್ಕಿಂತ ಎಷ್ಟೋ ಪಟ್ಟು ಕಠಿಣ. ಎರಡಕ್ಕೂ ಸೂಚಿಯಲ್ಲಿ ಇರುವುದು ಒಂದೇ ಸಂಖ್ಯೆ.

ಸಾಹಿತ್ಯದ ಓದುಗರಾದ ನಮಗೆ ಇದು ಬೇಗ ಅರ್ಥವಾಗಬೇಕು. ಪಂಪನ ಪದ್ಯಕ್ಕೆ ನಿಘಂಟು ಬೇಕು, ಅನ್ವಯ ಬೇಕು. ಅವು ಸಿಕ್ಕ ಮೇಲೆ ಪದ್ಯ ಬಾಗಿಲು ತೆರೆಯುತ್ತದೆ. ಅಲ್ಲಮನ ವಚನದಲ್ಲಿ ಎಷ್ಟೋ ಕಡೆ ನಿಘಂಟು ಬೇಕಾದ ಪದವೇ ಇರುವುದಿಲ್ಲ. ಎಲ್ಲ ಪದಗಳೂ ತಿಳಿದಿದ್ದು ವಚನ ತಿಳಿಯುವುದಿಲ್ಲ. ಇವೆರಡರಲ್ಲಿ ಯಾವುದು ಕಷ್ಟವೆಂದು ಒಂದೇ ಅಂಕಿಯಲ್ಲಿ ಹೇಳೆಂದರೆ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ‘ಯಾವ ಬಗೆಯ ಕಷ್ಟ?’ ಎಂದು ತಿರುಗಿ ಕೇಳುತ್ತೇವೆ. ಮೊಜಾರ್ಟನ ಸಿ ಮೇಜರ್ ಸೊನಾಟಾ, ಕ್ಯೋಖೆಲ್ ಸಂಖ್ಯೆ 545, ಪಿಯಾನೋದ ಅಲ್ಲಮ. 1788ರಲ್ಲಿ ಅದನ್ನು ತನ್ನ ಕೃತಿಗಳ ಪಟ್ಟಿಗೆ ಸೇರಿಸುವಾಗ ಅವನೇ ಅದನ್ನು ಆರಂಭಿಕರಿಗಾಗಿ ಎಂದು ನಮೂದಿಸಿದ. ಸ್ವರಗಳನ್ನು ಒತ್ತುವುದಷ್ಟೇ ಆದರೆ ಅದು ನಿಜ. ಆದರೆ ಅಲ್ಲಿ ಒಂದು ಸ್ವರವೂ ಇನ್ನೊಂದರ ಮರೆಯಲ್ಲಿ ಅಡಗಿಕೊಳ್ಳಲಾರದು. ಒಂದು ಬೆರಳು ಕೊಂಚ ಭಾರವಾದರೂ ಇಡೀ ಸಾಲು ಕುಂಟುತ್ತದೆ. ಮೊಜಾರ್ಟನ ಸೊನಾಟಾಗಳು ಮಕ್ಕಳಿಗೆ ತೀರ ಸುಲಭ, ಕಲಾವಿದರಿಗೆ ತೀರ ಕಷ್ಟ ಎಂಬರ್ಥದ ಆರ್ಟುರ್ ಶ್ನಾಬೆಲ್ಲರ ಮಾತು ಪಿಯಾನೋ ವಲಯದಲ್ಲಿ ಪ್ರಸಿದ್ಧವಾಗಿರುವುದು ಸುಮ್ಮನಲ್ಲ.

ಹೆಸರನ್ನು ನಂಬಿ ಕೆಡುವವರೂ ಇದ್ದಾರೆ. ಶೂಮಾನನ ‘ಬಾಲ್ಯದ ದೃಶ್ಯಗಳು’ 1838ರ 13 ಪುಟ್ಟ ರಚನೆಗಳು. ಅವು ಬಾಲ್ಯವನ್ನು ನೆನೆಯುವ ದೊಡ್ಡವರಿಗಾಗಿ ಬರೆದವು. ಮಕ್ಕಳ ಕೈಗೆಂದೇ ಅವನು ಹತ್ತು ವರ್ಷದ ಮೇಲೆ, 1848ರಲ್ಲಿ, ಬೇರೆಯೇ ಒಂದು ಸಂಪುಟ ಬರೆದ. ಮೊದಲನೆಯದನ್ನು ಮಕ್ಕಳ ಪುಸ್ತಕವೆಂದು ತಿಳಿದು ಹುಟ್ಟುಹಬ್ಬಕ್ಕೆ ಉಡುಗೊರೆ ಕೊಟ್ಟವರು ನಮ್ಮಲ್ಲೇ ಇದ್ದಾರೆ. ಆ ಮಗು ಅದನ್ನು ತೆರೆದು, ಮುಚ್ಚಿ, ಮತ್ತೆ ತೆರೆಯಲಿಲ್ಲ.

ಮೂರನೆಯ ಉತ್ತರ ಅತ್ಯಂತ ಸಿಹಿಯಾದದ್ದು, ಆದ್ದರಿಂದ ಅತ್ಯಂತ ಅಪಾಯಕಾರಿ: ಪ್ರೀತಿಯೊಂದಿದ್ದರೆ ಯಾವುದೂ ಕಷ್ಟವಲ್ಲ. ಕೇಳಲು ಎಷ್ಟು ಉದಾತ್ತ! ಆದರೆ ಇದರ ತರ್ಕವನ್ನು ಕೊನೆಯವರೆಗೆ ಎಳೆದು ನೋಡಿ. ರಚನೆ ಕೈಗೆ ಬರಲಿಲ್ಲವೆಂದರೆ ಪ್ರೀತಿ ಸಾಲಲಿಲ್ಲವೆಂದಾಯಿತು. ಅಕ್ಕನಿಗೆ ಆ ರಚನೆಯ ಮೇಲೆ ಪ್ರೀತಿ ಇರಲಿಲ್ಲವೆಂದು ಹೇಳುವ ಎದೆಗಾರಿಕೆ ಯಾರಿಗಿದೆ? ಪ್ರೀತಿ ಇದ್ದುದರಿಂದಲೇ ಏಳು ತಿಂಗಳು ಕೂತರು. ಏಳು ಬಿಳಿ ಕೀಗಳ ಅಗಲ ಸುಮಾರು 16.5 ಸೆಂಟಿಮೀಟರ್, ಪ್ರೀತಿಗೆ ಅದು ಕುಗ್ಗುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚೆನ್ನುತ್ತಾರೆ. ಇಲ್ಲಿ ಹಾಸಿಗೆ ಎಲ್ಲರಿಗೂ ಒಂದೇ ಅಳತೆಯದು, ಕಾಲುಗಳೇ ಬೇರೆ ಬೇರೆ. ಯೋಸೆಫ್ ಹಾಫ್‌ಮನ್ ತನ್ನ ಕಾಲದ ಮಹಾ ಪಿಯಾನೋವಾದಕ. ಅವನ ಕೈ ಚಿಕ್ಕದು. ಅವನಿಗಾಗಿ ಸ್ಟೈನ್‌ವೇ ಸಂಸ್ಥೆ ಕೊಂಚ ಕಿರಿದಾದ ಕೀಗಳ ಪಿಯಾನೋ ಮಾಡಿಕೊಟ್ಟಿತ್ತು. ದೊಡ್ಡ ಕೈಗಳ ರಖ್ಮಾನಿನೊಫ್ 1909ರ ತನ್ನ ಮೂರನೆಯ ಕನ್ಚರ್ಟೊವನ್ನು ಅವನಿಗೇ ಅರ್ಪಿಸಿದ. ಹಾಫ್‌ಮನ್ ಅದನ್ನು ಸಭೆಯಲ್ಲಿ ಒಮ್ಮೆಯೂ ನುಡಿಸಲಿಲ್ಲ. ಅವನಿಗೆ ಸಂಗೀತದ ಮೇಲೆ ಪ್ರೀತಿ ಕಡಿಮೆಯಿತ್ತೆಂದು ಯಾರಾದರೂ ಹೇಳಿಯಾರೇ? ತನಗೆ ಹೊಂದದ್ದನ್ನು ಬಿಡುವುದು ಅವನಲ್ಲಿ ವಿವೇಕ, ನಮ್ಮ ಮನೆಯ ಮಗುವಿನಲ್ಲಿ ಸೋಮಾರಿತನ!

ಈ ಮೂರು ಉತ್ತರಗಳ ಜಾಗದಲ್ಲಿ ನಾವು ಏನನ್ನು ಇಡುತ್ತೇವೆ? ದೊಡ್ಡ ಸಿದ್ಧಾಂತವನ್ನೇನೂ ಅಲ್ಲ, ಹೊಸ ರಚನೆ ಕೈಗೆತ್ತಿಕೊಳ್ಳುವ ಮುನ್ನ ಕಳೆಯಬೇಕಾದ ಒಂದು ವಾರವನ್ನು.

ಮೊದಲ ದಿನ ವಾದ್ಯ ಮುಟ್ಟಬೇಡಿ. ಹಾಳೆಯನ್ನು ಕೊನೆಯಿಂದ ಓದಿ. ಲೋಕಕ್ಕೆಲ್ಲ ಗೊತ್ತಿರುವ ‘ಫ್ಯೂರ್ ಎಲೀಸೆ’ ಎಂದರೆ ಅದರ ಮೊದಲ ಕೆಲವು ಬಾರ್‌ಗಳು ಮಾತ್ರ. ನಡುವೆ ಎಫ್ ಮೇಜರಿನ ಭಾಗದಲ್ಲಿ ಸ್ವರಗಳು ಇಮ್ಮಡಿ ವೇಗಕ್ಕೆ ಜಿಗಿಯುತ್ತವೆ, ಮುಂದೆ ಎಡಗೈ ಒಂದೇ ಸ್ವರವನ್ನು ಬಿಡದೆ ಬಡಿಯಬೇಕಾಗುತ್ತದೆ, ಆಮೇಲೆ ಬಲಗೈ ಮೇಲಕ್ಕೆ ಹಾರಿ ಅರ್ಧಸ್ವರಗಳ ಮೆಟ್ಟಿಲನ್ನು ಇಳಿಯಬೇಕು. ಮೊದಲ ಪುಟವನ್ನು ಮಾತ್ರ ಕಂಡು ಒಪ್ಪಿಕೊಂಡವರು ಎರಡನೆಯ ಪುಟದಲ್ಲಿ ನಿಂತುಬಿಟ್ಟಿರುವುದನ್ನು ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಅತ್ಯಂತ ದಟ್ಟವಾದ ನಾಲ್ಕು ಬಾರ್‌ಗಳನ್ನು ಹುಡುಕಿ ಗುರುತು ಹಾಕಿ. ರಚನೆಯ ಕಷ್ಟವೆಂದರೆ ಸರಾಸರಿಯಲ್ಲ, ಆ ನಾಲ್ಕು ಬಾರ್‌ಗಳು.

ಎರಡನೆಯದು, ವೇಗದ ಲೆಕ್ಕ. ಅತಿ ಚಿಕ್ಕ ಸ್ವರಗಳು ಬರುವ ಸ್ಥಳದಲ್ಲಿ ಸೆಕೆಂಡಿಗೆ ಎಷ್ಟು ಎಂದು ಗುಣಿಸಿ ನೋಡಿ. ಶೋಪಾನನ ಕೃತಿ 10ರ ಮೊದಲ ಎಟ್ಯೂಡಿಗೆ ನಿಮಿಷಕ್ಕೆ 176 ತಾಳ, ತಾಳಕ್ಕೆ ನಾಲ್ಕು ಸ್ವರ. ಎಂದರೆ ಸೆಕೆಂಡಿಗೆ ಹನ್ನೆರಡರ ಹತ್ತಿರ. ಈ ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲವೆಂದು ಮೂನ್‌ಲೈಟಿನಲ್ಲಿ ನೋಡಿದೆವು. ಆದರೆ ನಿಮ್ಮ ಇಂದಿನ ಬೆರಳು ಸೆಕೆಂಡಿಗೆ ಐದು ದಾಟದಿದ್ದರೆ ಆ ರಚನೆ ಈ ವರ್ಷದ್ದಲ್ಲ ಎಂಬುದನ್ನಂತೂ ಹೇಳುತ್ತದೆ.

ಮೂರನೆಯದು, ಕೈಯ ಅಳತೆ. ಕೈಯನ್ನು ಬಿಗಿಯಿಲ್ಲದೆ ಚಾಚಿದಾಗ ಎಷ್ಟು ಕೀ ದಾಟುತ್ತದೆಂದು ಒಮ್ಮೆ ನೋಡಿ ಬರೆದಿಟ್ಟುಕೊಳ್ಳಿ. ರಚನೆಯಲ್ಲಿ ಅದಕ್ಕಿಂತ ಅಗಲವಾಗಿ ಒಟ್ಟಿಗೆ ಹಿಡಿಯಬೇಕಾದ ಸ್ಥಳಗಳನ್ನು ಎಣಿಸಿ. ಒಂದೆರಡಾದರೆ ಮುರಿದು ನುಡಿಸಬಹುದು, ಇನ್ನೊಂದು ಕೈಗೆ ವಹಿಸಬಹುದು. ಪುಟಪುಟದಲ್ಲೂ ಇದ್ದರೆ ಬೇರೆ ರಚನೆ ನೋಡಿ. ವಾದ್ಯವನ್ನೂ ಅಳೆಯಿರಿ. ಮೊಜಾರ್ಟನ ಕಾಲದ ಪಿಯಾನೋಗೆ ಇದ್ದದ್ದು ಐದು ಆಕ್ಟೇವು, ಕೀ ಹಗುರ. ಇಂದಿನದಕ್ಕೆ 88 ಕೀ, ಭಾರ ಹೆಚ್ಚು. ಫ್ಲ್ಯಾಟಿನ ಮೂಲೆಯ 61 ಕೀಗಳ, ಒತ್ತಿದರೆ ಭಾರವೇ ತಿಳಿಯದ ಕೀಬೋರ್ಡಿನಲ್ಲಿ ಸುಲಭವಾದದ್ದು ಪರೀಕ್ಷೆಯ ಕೊಠಡಿಯ ಗ್ರ್ಯಾಂಡ್ ಪಿಯಾನೋದಲ್ಲಿ ಕೈ ಕೊಟ್ಟರೆ ಮಗುವನ್ನು ಬೈಯುವುದು ಅನ್ಯಾಯ.

ನಾಲ್ಕನೆಯದು, ಒಂದು ಕೈ ಎಷ್ಟು ಕೆಲಸ ಮಾಡುತ್ತಿದೆಯೆಂಬ ಎಣಿಕೆ. ಶೋಪಾನನ ಇ ಮೈನರ್ ಪ್ರೆಲ್ಯೂಡಿನಲ್ಲಿ 25 ಬಾರ್‌ಗಳು ಮಾತ್ರ. ಬಲಗೈ ಬಹುಪಾಲು ಒಂದೊಂದೇ ಸ್ವರ ನುಡಿಸುತ್ತದೆ. ಕಷ್ಟವೆಲ್ಲ ಎಡಗೈಯ ಮಿಡಿಯುವ ಕಾರ್ಡುಗಳಲ್ಲಿದೆ. ಅವು ಅರ್ಧರ್ಧ ಸ್ವರ ಜಾರುತ್ತ ಬಣ್ಣ ಬದಲಿಸುವಾಗ ಮೂರು ಬೆರಳೂ ಸಮತೂಕದಲ್ಲಿ, ಉಸಿರಿನಷ್ಟು ಮೆಲ್ಲಗೆ ಇಳಿಯಬೇಕು. ಇದು ಬೆರಳಿಗಿಂತ ಕಿವಿಯ ಕಷ್ಟ. ಅಂಥ ಕಷ್ಟವನ್ನು ಅರಿಯಲು ಇರುವ ದಾರಿ ಒಂದೇ: ಇಬ್ಬರು ಒಳ್ಳೆಯ ವಾದಕರ ಧ್ವನಿಮುದ್ರಣಗಳನ್ನು ಕೇಳಿ, ಅವರ ನಡುವಿನ ವ್ಯತ್ಯಾಸ ನಿಮಗೆ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿಕೊಳ್ಳುವುದು. ಕೇಳಿಸದ್ದನ್ನು ನುಡಿಸಲಾಗದು.

ಉಳಿದ ದಿನಗಳಲ್ಲಿ ಗುರುತು ಹಾಕಿದ ಆ ನಾಲ್ಕು ಬಾರ್‌ಗಳನ್ನಷ್ಟೇ ತೀರ ನಿಧಾನವಾಗಿ, ಮೊದಲು ಒಂದೊಂದು ಕೈ, ಆಮೇಲೆ ಎರಡೂ, ದಿನಕ್ಕೆ ಇಪ್ಪತ್ತು ನಿಮಿಷ ನುಡಿಸಿ. ಕೊನೆಯ ದಿನ ಮೊದಲ ದಿನಕ್ಕಿಂತ ಹಗುರವೆನಿಸಿದರೆ ರಚನೆ ನಿಮ್ಮದಾಗುವಂಥದು, ತಿಂಗಳುಗಳು ಹಿಡಿದರೂ ಸರಿ. ಎಳ್ಳಷ್ಟೂ ಕದಲದಿದ್ದರೆ ಪುಸ್ತಕ ಕಪಾಟಿಗೆ ಹೋಗಲಿ. ಒಂದು ವಾರ ನಷ್ಟ, ಏಳು ತಿಂಗಳಲ್ಲ.

ಆಕ್ಷೇಪಗಳು ನಮಗೆ ಗೊತ್ತು. ಇದನ್ನೆಲ್ಲ ಗುರು ನೋಡಿಕೊಳ್ಳುತ್ತಾರೆ, ಶಿಷ್ಯರಿಗೇಕೆ ಈ ಉಸಾಬರಿ ಎನ್ನುವವರಿದ್ದಾರೆ. ಒಳ್ಳೆಯ ಗುರು ನೋಡಿಕೊಳ್ಳುತ್ತಾರೆ, ನಿಜ. ಅಂಥವರಿಗೆ ನಮ್ಮ ನಮಸ್ಕಾರ. ಆದರೆ ಬಲ್ಲವರಿಗೆ ಬಲ್ಲದ್ದರ ಕಷ್ಟ ಮರೆತುಹೋಗುವುದು ಮನುಷ್ಯಸಹಜ. ದೆಹಲಿಯಲ್ಲಿ ಹಿಂದಿ ಗೆಳೆಯರಿಗೆ ಕನ್ನಡ ಕಲಿಸಹೊರಟ ನಮ್ಮವರಿಗೆ ಇದರ ಅನುಭವವಿದೆ. ‘ಎ’ ಮತ್ತು ‘ಏ’ಗಳ ವ್ಯತ್ಯಾಸ, ‘ಲ’ ಮತ್ತು ‘ಳ’ಗಳ ವ್ಯತ್ಯಾಸ ಅವರ ಕಿವಿಗೆ ಬೀಳುವುದೇ ಇಲ್ಲವೆಂದು ಅರಿವಾಗಲು ನಮಗೆ ವಾರಗಳು ಬೇಕಾದವು, ಏಕೆಂದರೆ ನಾವು ಅದನ್ನು ಎಂದೂ ಕಲಿತವರಲ್ಲ, ಅದರಲ್ಲಿ ಹುಟ್ಟಿದವರು. ಗುರುವಿನ ಕೈಗೆ ಒಂಬತ್ತನೆಯ ಸ್ವರ ಸಹಜವಾಗಿ ಸಿಗುತ್ತಿದ್ದರೆ ಅದು ಇನ್ನೊಬ್ಬರಿಗೆ ಸಿಗದೆಂಬುದು ಅವರ ಲಕ್ಷ್ಯಕ್ಕೆ ಬಾರದೆ ಹೋಗಬಹುದು. ಕೈ ಶಿಷ್ಯರದು, ಅಳತೆಯೂ ಅವರಿಗೆ ತಿಳಿದಿರಬೇಕು.

ಹೀಗೆ ಅಳೆಯುತ್ತ ಕೂತರೆ ಸಾಹಸವೇ ಸಾಯುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ತಿರುಳಿದೆ. ಕೈಗೆ ಮೀರಿದ್ದಕ್ಕೆ ಕೈ ಚಾಚದೆ ಯಾರೂ ಬೆಳೆದಿಲ್ಲ. ಆದರೆ ನಾವು ಬೇಡವೆನ್ನುತ್ತಿರುವುದು ಸಾಹಸವನ್ನಲ್ಲ, ಕುರುಡು ಸಾಹಸವನ್ನು. ಇದು ತನಗೆ ಮೀರಿದ್ದು, ಇಂಥ ಕಡೆ ಮೀರಿದ್ದು, ವರ್ಷ ಹಿಡಿದೀತು ಎಂದು ತಿಳಿದು ಹೊರಟವರು ಆರನೆಯ ತಿಂಗಳಲ್ಲಿ ಸೋತಾಗ ‘ಈ ಜಾಗ ಇನ್ನೂ ಬಂದಿಲ್ಲ’ ಎನ್ನುತ್ತಾರೆ. ಸುಲಭವೆಂದು ನಂಬಿ ಹೊರಟವರು ‘ನಾನು ಅಯೋಗ್ಯ’ ಎನ್ನುತ್ತಾರೆ. ಸೋಲು ಒಂದೇ, ಆದರೆ ಮೊದಲನೆಯವರು ಮರುದಿನ ಮತ್ತೆ ವಾದ್ಯದ ಮುಂದೆ ಕೂರುತ್ತಾರೆ. ಸುಲಭವೆಂಬ ಮಾತು ಧೈರ್ಯ ತುಂಬುವ ಮಾತೆಂದು ನಾವು ತಿಳಿದಿದ್ದೇವೆ. ಅದರಷ್ಟು ಕ್ರೂರವಾದ ಮಾತು ಕಲಿಯುವವರಿಗೆ ಇನ್ನೊಂದಿಲ್ಲ. ಕಷ್ಟವೆಂದು ಹೇಳಿದ್ದನ್ನು ಗೆದ್ದರೆ ಹೆಮ್ಮೆಯಿದೆ, ಸೋತರೆ ಅವಮಾನವಿಲ್ಲ. ಸುಲಭವೆಂದು ಹೇಳಿದ್ದನ್ನು ಗೆದ್ದರೆ ಹೆಮ್ಮೆಯಿಲ್ಲ, ಸೋತರೆ ತಲೆ ಎತ್ತುವಂತಿಲ್ಲ.

ಕ್ರಮಬದ್ಧ ಮೆಟ್ಟಿಲುಗಳೇ ಬೇಡವೆಂದೂ ನಾವು ಹೇಳುತ್ತಿಲ್ಲ. ಬಾರ್ಟೋಕ್ 1926ರಿಂದ 1939ರವರೆಗೆ ‘ಮಿಕ್ರೊಕಾಸ್ಮಾಸ್’ ಎಂಬ ಆರು ಸಂಪುಟಗಳಲ್ಲಿ 153 ರಚನೆಗಳನ್ನು ಸುಲಭದಿಂದ ಕಷ್ಟಕ್ಕೆ ಏರುವಂತೆ ಜೋಡಿಸಿದ. ಅಲ್ಲಿಯ ಹೆಚ್ಚಿನ ರಚನೆಗಳಲ್ಲಿ ಇದು ಯಾವುದರ ಅಭ್ಯಾಸವೆಂಬುದು ಹೆಸರಿನಲ್ಲೋ ವಿನ್ಯಾಸದಲ್ಲೋ ಕಾಣುತ್ತದೆ. ಸರಳೆ, ಜಂಟಿವರಸೆ, ಅಲಂಕಾರಗಳಲ್ಲಿ ನಮ್ಮ ಹಿರಿಯರು ಮಾಡಿದ್ದೂ ಅದನ್ನೇ. ಅವರು ಕಷ್ಟವನ್ನು ಎಣಿಸುವುದಕ್ಕಿಂತ ಹೆಸರಿಸಿದರು. ನಮ್ಮ ಬೇಡಿಕೆಯೂ ಇಷ್ಟೇ: ಎಷ್ಟು ಕಷ್ಟ ಎಂದು ಹೇಳುವವರು ಎಲ್ಲಿ ಕಷ್ಟ, ಯಾರಿಗೆ ಕಷ್ಟ, ಯಾವ ಬಗೆಯ ಕಷ್ಟ ಎಂದೂ ಹೇಳಲಿ. ತಂದೆತಾಯಂದಿರು ‘ಯಾವ ಗ್ರೇಡ್?’ ಎಂದು ಕೇಳುವುದನ್ನು ನಿಲ್ಲಿಸಿ ‘ಯಾವ ಜಾಗ ಕೈಕೊಡುತ್ತಿದೆ, ತೋರಿಸು’ ಎಂದು ಪಕ್ಕದಲ್ಲಿ ಕೂರಲಿ.

ಅಕ್ಕನ ಮನೆಯ ಪಿಯಾನೋದ ಮೇಲಿನ ಬಟ್ಟೆ ಇನ್ನೂ ಹಾಗೆಯೇ ಇದೆ. ಕಳೆದ ತಿಂಗಳ ಬೈಠಕ್ಕಿನಲ್ಲಿ ನಮ್ಮಲ್ಲೊಬ್ಬರು ಆ ಬಾಖನ ಪ್ರೆಲ್ಯೂಡಿನ ಹಾಳೆಯನ್ನು ಅದರ ಮೇಲಿಟ್ಟು ಬಂದರು; ಇದು ಸುಲಭ ಎಂದು ಹೇಳಲಿಲ್ಲ. ಎಲ್ಲಿ ಕಷ್ಟ ಬರುತ್ತದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಅಕ್ಕ ಕನ್ನಡಕ ಹಾಕಿಕೊಂಡು ಆ ಗುರುತುಗಳನ್ನು ಬಹಳ ಹೊತ್ತು ನೋಡಿದರು.